ಲೈಸೆನ್ಸ್ಡ್ ಅಡಿಕ್ಷನ್ ಕೌನ್ಸೆಲರ್ ಅಂದರೆ ಯಾರು, ಏನು ಓದಿರಬೇಕು?

ಕುಡಿತ, ಗಾಂಜಾ, ಮಾತ್ರೆಗಳ ಚಟಕ್ಕೆ ಸಿಕ್ಕಿಬಿದ್ದವರ ಜೊತೆ ಕೂತು, ಅದರಿಂದ ಹೊರಬರಲು ನೆರವಾಗುವ, ಸರ್ಕಾರದ ಪರವಾನಗಿ ಪಡೆದವರಿಗೆ ಅಮೆರಿಕದಲ್ಲಿ ಹೀಗೆ ಕರೆಯುತ್ತಾರೆ. ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಹಾಗಾಗಿ ಎಷ್ಟು ಓದಿರಬೇಕು ಅನ್ನೋದೂ ಬೇರೆ ಬೇರೆ. ಕೊಲೊರಾಡೊದಲ್ಲಿ ಮಾಸ್ಟರ್ಸ್ ಬೇಕು, ಮಿನ್ನೆಸೋಟದಲ್ಲಿ ಬ್ಯಾಚುಲರ್ಸ್ ಡಿಗ್ರಿ ನಡೆಯುತ್ತದೆ.

ಹಾಗಂತ ಮಿನ್ನೆಸೋಟದಲ್ಲಿ ಸುಲಭ ಅಂತಲ್ಲ. ಡಿಗ್ರಿಯ ಜೊತೆಗೆ ಚಟದ ಚಿಕಿತ್ಸೆಗೇ ಸಂಬಂಧಪಟ್ಟ 18 ಕ್ರೆಡಿಟ್, ಅಂದರೆ 270 ಗಂಟೆಗಳ ಪಾಠ ಆಗಿರಬೇಕು. ಯಾವ ಅಮಲು ಪದಾರ್ಥ ದೇಹಕ್ಕೆ ಏನು ಮಾಡುತ್ತದೆ, ಚಟದ ಜೊತೆಗೇ ಖಿನ್ನತೆಯೂ ಇದ್ದರೆ ಏನು ಮಾಡಬೇಕು, ಬೇರೆ ಬೇರೆ ಸಮುದಾಯದವರ ಜೊತೆ ಹೇಗೆ ನಡೆದುಕೊಳ್ಳಬೇಕು, ವೃತ್ತಿಯ ನೀತಿ ಏನು, ಇವೆಲ್ಲ ಅದರಲ್ಲಿ ಬರುತ್ತವೆ. ಆಮೇಲೆ ಪರೀಕ್ಷೆಯೂ ಇದೆ.

ನನ್ನ ಪ್ರಕಾರ ಇದರ ಜೀವಾಳ ಇರುವುದು ಮಿನ್ನೆಸೋಟದಲ್ಲಿ ಪಾಠದ ಜೊತೆಗೆ ಮಾಡಲೇಬೇಕಾದ 880 ಗಂಟೆಗಳ ಪ್ರಾಕ್ಟಿಕಲ್‌ನಲ್ಲಿ. ವಾರಕ್ಕೆ 40 ಗಂಟೆಯಂತೆ ಲೆಕ್ಕ ಹಾಕಿದರೂ 22 ವಾರ, ಅದೂ ಅನುಭವಿಗಳ ಕಣ್ಗಾವಲಿನಲ್ಲಿ. ಯಾಕೆ ಅಷ್ಟೊಂದು? ಒಂದು ಉದಾಹರಣೆ ನೋಡಿ. ವರ್ಷಗಟ್ಟಲೆ ದಿನಾ ಕುಡಿದ ಒಬ್ಬರು ಎದುರು ಕೂತಿದ್ದಾರೆ, ಕೈ ನಡುಗುತ್ತಿದೆ, ಬೆವರುತ್ತಿದ್ದಾರೆ. ಮೊದಲು ಕೇಳಬೇಕಾದದ್ದು "ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ?" ಅಂತ. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಕುತ್ತಾಗಬಹುದು. ಆಗ ಬೇಕಾದದ್ದು ಬುದ್ಧಿಮಾತಲ್ಲ, ಡಾಕ್ಟರ್. ತಕ್ಷಣ ಅವರ ಬಳಿ ಕಳಿಸಬೇಕು ಅನ್ನುವ ಅಂದಾಜು ಸುಮ್ನೆ ಪುಸ್ತಕ ಓದಿದರೆ ಬರುವುದಿಲ್ಲ.

ಚಟ ಬಿಟ್ಟು ಚೇತರಿಸಿಕೊಂಡವರ ಅನುಭವಕ್ಕೆ ಅಲ್ಲಿ ತುಂಬಾ ಬೆಲೆ ಇದೆ. ಆದರೆ ಅವರು ಜೊತೆಗಾರರಾಗಿ ಕೆಲಸ ಮಾಡುವ ಹುದ್ದೆಯೇ ಬೇರೆ. ಕೌನ್ಸೆಲರ್ ಲೈಸೆನ್ಸ್‌ಗೆ ಅವರೂ ಈ ಓದು ಮುಗಿಸಲೇಬೇಕು.

ನಮ್ಮಲ್ಲಿ? ಚಟದ ಕೌನ್ಸೆಲರ್‌ಗೆ ಅಂತಲೇ ಇಂಥ ಲೈಸೆನ್ಸ್ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಅಷ್ಟೇ. ಉಳಿದಂತೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಮಾಸ್ಟರ್ಸ್) ಅಥವಾ ಸೈಕಾಲಜಿ ಎಂಎ ಮಾಡಿದವರು ಕೌನ್ಸೆಲರ್‌ಗಳಾಗಿ ಕೆಲಸ ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟದ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯವರನ್ನು ಬೇರೆ ಯಾವುದಾದರೂ ಕೇಂದ್ರಕ್ಕೆ ಸೇರಿಸುವುದಾದರೆ, ಕೌನ್ಸೆಲರ್ ಏನು ಓದಿದ್ದಾರೆ, ಯಾರ ಕೈಕೆಳಗೆ ಕಲಿತರು, ರಾತ್ರಿ ಹೊತ್ತು ಡಾಕ್ಟರ್ ಸಿಗುತ್ತಾರಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ.