ಸೋಮವಾರ ಮಾತ್ರ ಮಿನುಗುವ ದೀಪ

ಗುಬ್ಬಿ ಕಡೆಯ ಮೇಷ್ಟ್ರೊಬ್ಬರು ಎಂಟು ತಿಂಗಳ ಹಿಂದೆ ಕೊಂಡ ಪೆಟ್ರೋಲ್ ಕಾರನ್ನು ತುಮಕೂರಿನ ನನ್ನ ಗ್ಯಾರೇಜಿಗೆ ತಂದಾಗ ಎಂಜಿನ್‌ಗಿಂತ ಅವರೇ ಹೆಚ್ಚು ಬಿಸಿಯಾಗಿದ್ದರು. ಹಳದಿ ಬಣ್ಣದ ಎಂಜಿನ್ ದೀಪ ಮಿನುಗುತ್ತದೆ, ಗಾಡಿ ನಡುಗುತ್ತದೆ, ಹತ್ತು ನಿಮಿಷದಲ್ಲಿ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. ಸರ್ವಿಸ್ ಸೆಂಟರಿಗೆ ಮೂರು ಸಲ ಹೋಗಿ ಬಂದಿದ್ದರು. ಮೂರು ಸಲವೂ ‘ದೋಷ ಕಂಡುಬಂದಿಲ್ಲ’ ಎಂಬ ಷರಾ. ಕೊನೆಯ ಸಲ, ಬೇರೆ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ನೋಡಿ ಎಂಬ ಉಪದೇಶ ಬೇರೆ.

ಸರ್ವಿಸ್ ಸೆಂಟರಿನವರು ಸುಳ್ಳು ಹೇಳಿರಲಿಲ್ಲ. ಅವರ ಸ್ಕ್ಯಾನರ್‌ಗೆ ನಿಜಕ್ಕೂ ಏನೂ ಸಿಕ್ಕಿರಲಿಲ್ಲ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಒಂದೇ ಸಲ ಕಂಡ ಎಡವಟ್ಟನ್ನು ಸಾಮಾನ್ಯವಾಗಿ ಪೂರ್ತಿ ನಂಬುವುದಿಲ್ಲ. ‘ಪೆಂಡಿಂಗ್’ ಎಂದು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓಟದಲ್ಲಿ ಅದೇ ದೋಷ ಮತ್ತೆ ಕಂಡರೆ ಖಚಿತಪಡಿಸಿಕೊಂಡು ದೀಪವನ್ನು ಮಿನುಗಿಸದೆ ಒಂದೇ ಸಮನೆ ಹೊತ್ತಿಸುತ್ತದೆ, ಕಾಣದಿದ್ದರೆ ಬರೆದದ್ದನ್ನು ಅಳಿಸುತ್ತದೆ. ಖಚಿತವಾದ ಮೇಲೂ ಸತತ ಮೂರು ಓಟ ಸುಸೂತ್ರವಾಗಿ ನಡೆದರೆ ದೀಪ ತಾನಾಗಿ ಆರುತ್ತದೆ. ಆದರೆ ಆ ದೋಷವನ್ನು ಗುರುತಿಸುವ ಸಂಕೇತ, ಅಂದರೆ ಕೋಡ್, ಮಾತ್ರ ನೆನಪಿನಲ್ಲಿ ಉಳಿದು, ಎಂಜಿನ್ ಸುಮಾರು ನಲವತ್ತು ಸಲ ಬಿಸಿಯಾಗಿ ತಣಿದ ಬಳಿಕವಷ್ಟೇ ಅಳಿಯುತ್ತದೆ. ಹಾಗಾಗಿ ದೀಪ ಆರಿದ ಮಾತ್ರಕ್ಕೆ ಗಾಡಿ ಸರಿಯಾಯಿತೆಂದಲ್ಲ, ಕೋಡ್ ಸಿಗದ ಮಾತ್ರಕ್ಕೆ ದೋಷವೇ ಇಲ್ಲವೆಂದೂ ಅಲ್ಲ.

ನಾನು ಬಾನೆಟ್ ಎತ್ತಲಿಲ್ಲ. ಒಂದು ನೋಟ್ ಪುಸ್ತಕ ಇಡಿ ಎಂದೆ. ದೀಪ ಬಂದ ದಿನ, ಹೊತ್ತು, ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ಮಳೆ ಇತ್ತೋ, ಎಸಿ ಹಾಕಿದ್ದಿರೋ, ಪೆಟ್ರೋಲ್ ಎಷ್ಟಿತ್ತು, ಹಿಂದಿನ ದಿನ ಗಾಡಿಗೆ ಏನು ಮಾಡಿದ್ದಿರಿ, ಇಷ್ಟನ್ನು ಬರೆಯಿರಿ. ಪಕ್ಕದಲ್ಲಿ ಯಾರಾದರೂ ಕುಳಿತಿದ್ದರೆ ಕಿಲೋಮೀಟರ್ ಅಂಕಿಯೂ ಕಾಣುವಂತೆ ಡ್ಯಾಶ್‌ಬೋರ್ಡಿನ ವಿಡಿಯೊ ತೆಗೆಯಲಿ. ಬೇರೆಯವರಾಗಿದ್ದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಿದ್ದರು. ಇವರು ಹಾಜರಾತಿ ಪುಸ್ತಕದಂತೆ ಗೆರೆ ಹಾಕಿ ನಾಲ್ಕು ವಾರ ಬರೆದರು. ನಾಲ್ಕು ಸೋಮವಾರಗಳಲ್ಲಿ ಮೂರು ಸಲ ಬೆಳಿಗ್ಗೆ ದೀಪ ಬಂದಿತ್ತು. ದೀಪ ಬಾರದ ಸೋಮವಾರದ ಮುಂದೆ ‘ಭಾನುವಾರ ಮದುವೆಗೆ ಹೋಗಿದ್ದೆವು, ಕಾರು ತೊಳೆಯಲಿಲ್ಲ’ ಎಂದಿತ್ತು!

ತೋಟದ ಪಂಪಿನ ಪೈಪಿಗೆ ಹೆಬ್ಬೆರಳು ಒತ್ತಿ ಬಾನೆಟ್ ಒಳಗೂ ನೀರು ಹಾಯಿಸುತ್ತಿದ್ದರು. ಮುಂದಿನ ಭಾನುವಾರ ಹಾಗೆಯೇ ತೊಳೆದು, ಸೋಮವಾರ ಎಲ್ಲಿಯೂ ನಿಲ್ಲಿಸದೆ, ಎಂಜಿನ್ ಆಫ್ ಮಾಡದೆ ನೇರ ಇಲ್ಲಿಗೆ ಬನ್ನಿ ಎಂದೆ. ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸಿದಾಗ ಪಿ0303 ಪೆಂಡಿಂಗ್ ಎಂದು ಬಂತು. ಅಂದರೆ ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಇಲ್ಲಿ ಅನೇಕರು ಆತುರಪಟ್ಟು, ಪ್ಲಗ್‌ನಲ್ಲಿ ಕಿಡಿ ಹಾರಿಸಲು ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಬದಲಾಯಿಸುತ್ತಾರೆ. ಆ ಕೋಡ್ ಕಾಯಿಲ್ ಕೆಟ್ಟಿದೆ ಎಂದು ಹೇಳುವುದೇ ಇಲ್ಲ, ತೊಂದರೆ ಯಾವ ಸಿಲಿಂಡರಿನಲ್ಲಿ ಎಂದಷ್ಟೇ ಹೇಳುತ್ತದೆ. ಮೂರರ ಕಾಯಿಲನ್ನು ಒಂದಕ್ಕೆ ಹಾಕಿ ನೋಡಬೇಕು. ದೋಷ ಕಾಯಿಲ್ ಜೊತೆ ಒಂದನೇ ಸಿಲಿಂಡರಿಗೆ ಬಂದರೆ ಕಾಯಿಲ್ ಹೋಗಿದೆ. ಮೂರರಲ್ಲೇ ಉಳಿದರೆ ವೈರ್, ಕನೆಕ್ಟರ್, ಪ್ಲಗ್, ಇಂಜೆಕ್ಟರ್ ಕಡೆ ತಿರುಗಬೇಕು. ಗಾಡಿ ವಾರಂಟಿಯಲ್ಲಿದ್ದುದರಿಂದ ನಾನು ಕೈ ಹಾಕದೆ ಒಂದು ಹಾಳೆಯಲ್ಲಿ ಇದನ್ನೆಲ್ಲ ಬರೆದು ಸರ್ವಿಸ್ ಸೆಂಟರಿಗೇ ಕಳುಹಿಸಿದೆ. ಅವರು ಮೇಷ್ಟ್ರ ಎದುರಿಗೇ ನೀರು ಚಿಮುಕಿಸಿ, ಕಾಯಿಲ್ ಅದಲುಬದಲು ಮಾಡಿದರು. ದೋಷ ಮೂರರಲ್ಲೇ ಉಳಿಯಿತು. ಕನೆಕ್ಟರ್ ಬಿಚ್ಚಿದರೆ ಒಳಗಿನ ರಬ್ಬರ್ ಸೀಲ್ ಮಡಚಿಕೊಂಡು ಕೂತಿತ್ತು. ಒಳಗೆ ಇಳಿದ ನೀರು ಎಂಜಿನ್ ಬಿಸಿಗೆ ಒಣಗುತ್ತಿತ್ತು. ಬುಧವಾರ ಗಾಡಿ ನೋಡಿದವರಿಗೆ ಏನು ಸಿಗಬೇಕು?

ಈ ದೀಪ ಮಿನುಗಿದರೆ ವೇಗ ಇಳಿಸಿ, ಆಕ್ಸಿಲರೇಟರ್ ಒತ್ತಬೇಡಿ, ನಡುಕ ನಿಲ್ಲದಿದ್ದರೆ ಬದಿಗೆ ನಿಲ್ಲಿಸಿ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಸುಡುತ್ತದೆ, ಅದೇನು ಅಗ್ಗದ ವಸ್ತುವಲ್ಲ. ಮಿನುಗದೆ ಸುಮ್ಮನೆ ಉರಿಯುತ್ತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ಒಂದೆರಡು ದಿನದಲ್ಲಿ ತೋರಿಸಿದರೆ ಸಾಕು. ಕೆಂಪು ಬಣ್ಣದ ಆಯಿಲ್ ದೀಪ ಅಥವಾ ಬಿಸಿಯ ದೀಪ ಬಂದರೆ ಮಾತ್ರ ಕ್ಯಾತ್ಸಂದ್ರ ಟೋಲ್ ದಾಟಿಬಿಡೋಣ ಎಂದೂ ಯೋಚಿಸದೆ ಅಲ್ಲಿಯೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ಈಗ ಮೊಬೈಲ್‌ಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳು ಬಂದಿವೆ. ಓದಲು ಒಳ್ಳೆಯದೇ. ಅದರಲ್ಲಿ ಕೋಡ್ ಅಳಿಸುವ ಗುಂಡಿಯೂ ಇರುವುದು ನನಗೆ ತಲೆನೋವು. ದೋಷ ದಾಖಲಾದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬ ವಿವರವನ್ನು ಕಂಪ್ಯೂಟರ್ ಕೋಡ್ ಜೊತೆಗೇ ಇಟ್ಟಿರುತ್ತದೆ. ಅಳಿಸಿದರೆ ಅದೂ ಹೋಯಿತು.

ಏಕಕಾಲಕ್ಕೆ ನಾಲ್ಕೈದು ದೀಪ ಹೊತ್ತಿದರೆ ಹೆದರುವ ಮೊದಲು ಬ್ಯಾಟರಿ ನೋಡಿಸಿ. ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು, ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಟರ್ಮಿನಲ್ ಸಡಿಲವಾಗಿದ್ದರೂ ಅರ್ಥ್ ವೈರ್ ತುಕ್ಕು ಹಿಡಿದಿದ್ದರೂ ಹೀಗೆಯೇ ಆಗುತ್ತದೆ. ಹೊಸ ಗಾಡಿಯಲ್ಲಿ ನಾನು ಇನ್ನೊಂದನ್ನೂ ಮೊದಲೇ ಕೇಳುತ್ತೇನೆ: ಹೊರಗಿನ ಅಂಗಡಿಯಲ್ಲಿ ಏನು ಹಾಕಿಸಿದಿರಿ? ಹಾರ್ನ್, ಫಾಗ್ ಲ್ಯಾಂಪ್, ಡ್ಯಾಶ್ ಕ್ಯಾಮೆರಾಗೆಂದು ಕಂಪನಿಯ ವೈರ್ ಸುಲಿದು ಇನ್ಸುಲೇಷನ್ ಟೇಪ್ ಸುತ್ತಿದ ಎಷ್ಟೋ ಗಾಡಿಗಳನ್ನು ಬಿಚ್ಚಿದ್ದೇನೆ. ತೋಟದ ಮನೆಯವರಾದರೆ ಇಲಿಯನ್ನೂ ವಿಚಾರಿಸಬೇಕು.

2020ರ ಏಪ್ರಿಲ್‌ನಲ್ಲಿ ಬಂದ, ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮದ ನಂತರದ ಡೀಸೆಲ್ ಗಾಡಿಗಳದ್ದು ಬೇರೆ ಕಥೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಆಗಾಗ ಸುಮಾರು ಆರುನೂರು ಡಿಗ್ರಿ ಬಿಸಿಯಲ್ಲಿ ಆ ಮಸಿಯನ್ನು ಸುಟ್ಟುಕೊಳ್ಳಬೇಕು. ಮನೆಯಿಂದ ಮಂಡಿಗೆ, ಮಂಡಿಯಿಂದ ಮನೆಗೆ ಮೂರು ಕಿಲೋಮೀಟರ್ ಓಡಿಸುವ ಅಡಿಕೆ ವ್ಯಾಪಾರಿಯ ಗಾಡಿಗೆ ಆ ಬಿಸಿ ಯಾವತ್ತೂ ಸಿಗುವುದಿಲ್ಲ. ಆ ಫಿಲ್ಟರಿನ ದೀಪ ಬಂದ ಮೊದಲ ಹಂತದಲ್ಲಿ ಶಿರಾ ಕಡೆಯ ಹೆದ್ದಾರಿಯಲ್ಲಿ ಅರುವತ್ತು ದಾಟಿದ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಹೋದರೆ ಬಹುತೇಕ ಆರುತ್ತದೆ. ಜೊತೆಗೆ ಎಂಜಿನ್ ದೀಪವೂ ಬಂದು ಗಾಡಿ ಎಳೆಯದಿದ್ದರೆ ಈ ಉಪಾಯ ಬೇಡ, ವರ್ಕ್‌ಶಾಪಿಗೇ ಹೋಗಿ.

ವಾರಂಟಿಯ ಗಾಡಿಯಾದರೆ ಪ್ರತಿ ಸಲವೂ ಸರ್ವಿಸ್ ಸೆಂಟರಿನವರು ಗಾಡಿಯ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಪಡೆಯಿರಿ. ‘ಜನರಲ್ ಚೆಕಪ್’ ಎಂದು ಬರೆದರೆ ಸಹಿ ಹಾಕಬೇಡಿ. ಮಾತು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಾಡಿಯನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಲ್ಲಿ ಕೆಲಸಕ್ಕೆ ಬರುವುದು ಆ ಕಾರ್ಡುಗಳೇ.

ಮೇಷ್ಟ್ರಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಸೀಲ್ ಬದಲಾದ ಮರುವಾರ ಬೇಕೆಂದೇ ಚೆನ್ನಾಗಿ ನೀರು ಹಾಯಿಸಿ, ಸೋಮವಾರ ಶಾಲೆ ಮುಟ್ಟಿದ ಮೇಲೆ ಫೋನ್ ಮಾಡಿದರು. ಪುಸ್ತಕದಲ್ಲಿ ಆ ದಿನದ ಸಾಲಿಗೆ ‘ಗೈರುಹಾಜರಿ’ ಎಂದು ಬರೆದಿದ್ದಾರಂತೆ.