ಪ್ಲಿಮತ್ ಕೌಂಟಿ, 1933: ಹರಾಜಿನ ಕೂಗು ಏರಬೇಕಿತ್ತೋ, ಇಳಿಯಬೇಕಿತ್ತೋ?

ಅಮೆರಿಕದ ಅಯೋವಾ ರಾಜ್ಯದ ವಾಯವ್ಯ ಮೂಲೆಯಲ್ಲಿದೆ ಪ್ಲಿಮತ್ ಕೌಂಟಿ. ಕೋರ್ಟು, ಕಚೇರಿ ಎಲ್ಲ ಇರುವುದು ಲೆ ಮಾರ್ಸ್ ಊರಲ್ಲಿ. ಸಾಲಕ್ಕೆ ಜಮೀನು ಹರಾಜಾಗುವುದರ ವಿರುದ್ಧ 1933ರಲ್ಲಿ ಇಲ್ಲಿ ರೈತರು ತಿರುಗಿಬಿದ್ದರು. ಹಿನ್ನೆಲೆ ಇಷ್ಟು: ಮೊದಲ ಮಹಾಯುದ್ಧದ ಕಾಲದಲ್ಲಿ ಜಮೀನಿನ ಬೆಲೆ ಏರಿತು, ರೈತರು ಸಾಲ ಮಾಡಿ ಕೊಂಡರು, ಆಮೇಲೆ ಬೆಳೆಯ ಬೆಲೆ ಬಿದ್ದುಹೋಯಿತು. 1932ರಲ್ಲಿ ಮೈಲೋ ರೀನೋ ಮುಂದಾಳತ್ವದಲ್ಲಿ ರೈತರ 'ಹಾಲಿಡೇ' ಸಂಘ ಹುಟ್ಟಿತು. ಹಾಲಿಡೇ ಅಂದರೆ ಇಲ್ಲಿ ಬೆಳೆ, ಹಾಲು ಮಾರುವುದನ್ನೇ ನಿಲ್ಲಿಸುವುದು. ಆ ಆಗಸ್ಟಿನಲ್ಲಿ ಪಕ್ಕದ ಸೂ ಸಿಟಿಗೆ ಹೋಗುವ ದಾರಿಗಳನ್ನೇ ತಡೆದರು.

ನನ್ನ ತಲೆ ಕೆಟ್ಟಿದ್ದು ಹರಾಜಿನ ವಿಷಯದಲ್ಲಿ. 'ಪೆನ್ನಿ ಹರಾಜು' ಬಗ್ಗೆ ಓದಿದ್ದೆ. ಸಾಲಗಾರನ ಹಸು, ನೇಗಿಲು ಹರಾಜಿಗೆ ಬಂದಾಗ ನೆರೆಯವರೆಲ್ಲ ಸೇರಿ ಬರೀ ಚಿಲ್ಲರೆ ಕಾಸಿಗೆ ಕೂಗುತ್ತಿದ್ದರು. ಹೊರಗಿನವರು ಬಾಯಿ ಬಿಡದಂತೆ ಹೆದರಿಸುತ್ತಿದ್ದರು. ಆ ಚಿಲ್ಲರೆಗೇ ಸಾಲ ತೀರಿತು ಅಂತ ಬ್ಯಾಂಕಿನವರ ಕೈಲಿ ಒಪ್ಪಿಸಿ, ಹಸುವನ್ನು ಮತ್ತೆ ಅವನಿಗೇ ಕೊಡುತ್ತಿದ್ದರು. ಅಂದರೆ ಕೂಗು ಕಡಿಮೆಯಾದಷ್ಟೂ ರೈತನಿಗೆ ಒಳ್ಳೆಯದು, ಅಲ್ವಾ?

ಆದರೆ 1933ರ ಜನವರಿ 4ರಂದು ಲೆ ಮಾರ್ಸ್ ಕೋರ್ಟಿನ ಮೆಟ್ಟಿಲ ಮೇಲೆ ನಡೆದದ್ದು ಪೂರ್ತಿ ಉಲ್ಟಾ. ಅಲ್ಲಿ ಒಬ್ಬ ರೈತನ ಜಮೀನು ಹರಾಜಿಗೆ ಬಂದಿತ್ತು. ನೂರಾರು ರೈತರು ಸೇರಿ, ಆ ಜಮೀನಿನ ಮೇಲೆ ಸಾಲ ಕೊಟ್ಟಿದ್ದ ನ್ಯೂಯಾರ್ಕಿನ ಒಂದು ವಿಮಾ ಕಂಪನಿಯ ವಕೀಲನನ್ನು ಹಿಡಿದುಕೊಂಡು "ಜಾಸ್ತಿ ಕೂಗು" ಅಂತ ಒತ್ತಾಯಿಸಿದರು! ಜಮೀನು ಹೋಗುತ್ತಿರುವಾಗ ಬೆಲೆ ಏರಿದರೆ ರೈತನಿಗೇನು ಲಾಭ? ಇಲ್ಲೇ ನಾನು ಎರಡು ದಿನ ಸಿಕ್ಕಿಕೊಂಡೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಸಾಲ 10,000 ಡಾಲರ್ ಇರಲಿ. ಜಮೀನು ಕೊಳ್ಳಲು ಯಾರ ಹತ್ತಿರವೂ ದುಡ್ಡಿಲ್ಲ, ಹಾಗಾಗಿ ಕೂಗುವವರು ಸಾಲ ಕೊಟ್ಟ ಕಂಪನಿಯವರು ಮಾತ್ರ. ಅವರು 7,000ಕ್ಕೆ ಕೂಗಿದರೆ ಜಮೀನು ಅವರದ್ದು. ಆದರೆ ಸಾಲದಲ್ಲಿ 7,000 ಮಾತ್ರ ಕಳೆಯುತ್ತದೆ. ಉಳಿದ 3,000 ರೈತನ ತಲೆ ಮೇಲೆ ಹಾಗೇ ಇರುತ್ತದೆ. ಜಮೀನಿಲ್ಲ, ಬಾಕಿ ಮಾತ್ರ ಇದೆ! ಕೋರ್ಟಿನ ತೀರ್ಪು ಹಿಡಿದು ಅವನ ಉಳಿದ ಸಾಮಾನಿಗೂ ಕೈ ಹಾಕಬಹುದು. ಅದೇ ಕಂಪನಿ ಪೂರ್ತಿ 10,000ಕ್ಕೆ ಕೂಗಿದರೆ ಜಮೀನು ಹೋದರೂ ಸಾಲ ಸೊನ್ನೆ.

ಇನ್ನೊಂದು ಎಳೆ ಬಿಡಬೇಡಿ. ಕಂಪನಿ ಕೂಗಿದ ಹಣ ಕಂಪನಿಗೇ ಬರಬೇಕಾದ ಸಾಲಕ್ಕೆ ಜಮೆಯಾಗುತ್ತದೆ. ಜೇಬಿನಿಂದ ಹೊಸದಾಗಿ ದುಡ್ಡು ತೆಗೆಯುವುದಿಲ್ಲ. ಬಾಕಿ ವಸೂಲಿಯ ಹಕ್ಕನ್ನು ಮಾತ್ರ ಬಿಡುತ್ತದೆ. ರೈತರು ಕೇಳಿದ್ದೂ ಅಷ್ಟನ್ನೇ. ವಕೀಲ ನ್ಯೂಯಾರ್ಕಿಗೆ ತಂತಿ ಕಳಿಸಿದ, ಕಂಪನಿ ಒಪ್ಪಿತು. ನಾನು ನೆನಪಿಟ್ಟುಕೊಳ್ಳುವುದು ಹೀಗೆ: ಹಸು ವಾಪಸ್ ಬರುವ ಹರಾಜಿನಲ್ಲಿ ಕೂಗು ಇಳಿಯಬೇಕು, ಜಮೀನು ವಾಪಸ್ ಬಾರದ ಹರಾಜಿನಲ್ಲಿ ಏರಬೇಕು.

ಫೆಬ್ರವರಿಯಲ್ಲಿ ಇಂಥ ಜಪ್ತಿಯನ್ನು ಮುಂದೂಡುವ ಕಾಯ್ದೆ ಅಯೋವಾದಲ್ಲಿ ಬಂತು. ಹಾಗಿದ್ದರೆ ಏಪ್ರಿಲ್ 27ರಂದು ರೈತರು ಲೆ ಮಾರ್ಸ್ ಕೋರ್ಟಿನಲ್ಲಿದ್ದ ಜಡ್ಜ್ ಚಾರ್ಲ್ಸ್ ಬ್ರಾಡ್ಲಿ ಮೇಲೆ ಯಾಕೆ ಬಿದ್ದರು? ಮುಂದೂಡುವುದೋ ಬೇಡವೋ ಅಂತ ಕಡೆಗೆ ಹೇಳಬೇಕಾದವರು ಜಡ್ಜ್. ಆ ಕಾಯ್ದೆ ಸಂವಿಧಾನಕ್ಕೆ ಒಪ್ಪುತ್ತದೋ ಇಲ್ಲವೋ ಅನ್ನುವ ವಾದವೂ ಅವರ ಮುಂದೇ ಇತ್ತು. ಗುಂಪು ಅವರನ್ನು ಕೋರ್ಟಿನಿಂದ ಎಳೆದು, ಊರಾಚೆ ಒಯ್ದು, ಕುತ್ತಿಗೆಗೆ ಹಗ್ಗ ಹಾಕಿತು. ಇನ್ನು ಜಪ್ತಿಗೆ ಸಹಿ ಹಾಕುವುದಿಲ್ಲ ಅಂತ ಪ್ರಮಾಣ ಮಾಡಲು ಹೇಳಿತು. ಅವರು ಮಾಡಲಿಲ್ಲ. ರೈತರ ಸಂಕಟ ಎಷ್ಟೇ ನಿಜವಾದರೂ ಈ ಭಾಗ ಓದುವಾಗ ನನ್ನ ಮನಸ್ಸು ಜಡ್ಜ್ ಕಡೆಗೇ ಹೋಯಿತು. ಕಡೆಗೆ ಅವರನ್ನು ಅಲ್ಲೇ ಬಿಟ್ಟು ಹೋದರು.

ಗವರ್ನರ್ ಕ್ಲೈಡ್ ಹೆರಿಂಗ್ ಕೌಂಟಿಯಲ್ಲಿ ಸೈನಿಕ ಆಡಳಿತ ಹೇರಿ ನ್ಯಾಷನಲ್ ಗಾರ್ಡ್ ಪಡೆ (ರಾಜ್ಯದ ಮೀಸಲು ಸೇನೆ) ಕಳಿಸಿದರು. ರೈತರ ಅಡಮಾನ ಸಾಲಕ್ಕೆ ಕೇಂದ್ರ ಸರ್ಕಾರ ನೆರವು ಕೊಡುವ ಕಾಯ್ದೆಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ದು ಮೇ 12ರಂದು, ಅಂದರೆ ಜಡ್ಜ್ ಕುತ್ತಿಗೆಗೆ ಹಗ್ಗ ಬಿದ್ದ 15 ದಿನಕ್ಕೆ.