ಐದರಲ್ಲಿದ್ದ ಮಕ್ಕಳು ಆರಕ್ಕೆ ಎಲ್ಲಿ ಹೋದರು?

ತಾಲ್ಲೂಕು ಕೇಂದ್ರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಅಂದ ಕೂಡಲೇ ಮಾತು ಇಂಗ್ಲಿಷ್ ಮೀಡಿಯಂ ಕಡೆಗೆ ಹೊರಳುತ್ತದೆ. ಅದು ಸುಳ್ಳಲ್ಲ. ಆದರೆ ಐದನೇ ತರಗತಿವರೆಗೆ ಇಲ್ಲೇ ಉಳಿದವರೂ ಆರಕ್ಕೆ ಬರುವಾಗ ಯಾಕೆ ಹೊರಡುತ್ತಾರೆ?

ಹಳೇ ಕಥೆ ಚುಟುಕಾಗಿ ಹೀಗೆ: ಶಾಲೆಗಳಿಗೆ ಕೊಠಡಿ, ಶಿಕ್ಷಕರು, ಪಾಠೋಪಕರಣ ಕೊಡಲು ಬಂದ 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್, 2001ರ ಸರ್ವ ಶಿಕ್ಷಣ ಅಭಿಯಾನ, ಆಮೇಲೆ ಬಿಸಿಯೂಟ, ಎಲ್ಲ ಸೇರಿ ಮಕ್ಕಳನ್ನು ಶಾಲೆಗೆ ಕರೆತಂದವು. 2007ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಸೇರಿತು. 2012ರಿಂದ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟು ಬಂತು. ಖಾಸಗಿ ಶಾಲೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಶೇ 25 ಸೀಟು, ಫೀಸು ಸರ್ಕಾರದ್ದು. ಸರ್ಕಾರವೇ ತನ್ನ ಶಾಲೆ ಇರುವ ಬೀದಿಯಲ್ಲೇ ಪಕ್ಕದ ಖಾಸಗಿ ಶಾಲೆಗೆ ದುಡ್ಡು ಕಟ್ಟಿದ ಹಾಗಾಯಿತು, ಅಲ್ವಾ? 2019ರಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದಾಯಿತು. ಅಷ್ಟರಲ್ಲಿ ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತುವುದು ರೂಢಿಯಾಗಿತ್ತು.

ಆರನೇ ತರಗತಿಯ ವಿಷಯ ಬೇರೆ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, 2010ರ ಸುಮಾರಿಗೆ ಬಂದ ಆದರ್ಶ ವಿದ್ಯಾಲಯ, ಮೂರಕ್ಕೂ ಮಕ್ಕಳನ್ನು ಸೇರಿಸಿಕೊಳ್ಳುವುದು ಪ್ರವೇಶ ಪರೀಕ್ಷೆ ಬರೆಸಿ, ಅದೂ ಆರಕ್ಕೇ. ಬಡವರ ಮನೆ ಮಕ್ಕಳಿಗೆ ಇವು ದೊಡ್ಡ ಅವಕಾಶ, ಎರಡು ಮಾತಿಲ್ಲ. ಊರಿನ ಶಾಲೆಯ ಮೇಷ್ಟ್ರೇ ಸಂಜೆ ಕೂರಿಸಿಕೊಂಡು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ. ಸೀಟು ಸಿಕ್ಕ ಮಗುವಿಗೆ ಶಾಲೆಯಲ್ಲೇ ಸನ್ಮಾನ, ಹಿಂದೆಯೇ ಟಿ.ಸಿ. ಜೂನ್‌ನಲ್ಲಿ ಹಾಜರಿ ಪುಸ್ತಕ ತೆರೆದರೆ ಚುರುಕಾಗಿದ್ದ ನಾಲ್ಕಾರು ಹೆಸರು ಇರುವುದಿಲ್ಲ. ಉಳಿದವರ ಅಂಕ ನೋಡಿ ಶಾಲೆಯ ಗುಣಮಟ್ಟ ಕುಸಿದಿದೆ ಅನ್ನುತ್ತಾರೆ.

ಇನ್ನು ಶಿಕ್ಷಕರ ಲೆಕ್ಕ. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು ಇರಬೇಕು. ಗಣಿತ-ವಿಜ್ಞಾನ, ಸಮಾಜ, ಭಾಷೆಗೆ ಬೇರೆ ಬೇರೆಯವರು ಬೇಕು. ಕಾಗದದ ಮೇಲೆ ಚೆನ್ನಾಗಿದೆ. ಒಂದರಿಂದ ಏಳಕ್ಕೆ ಅಂತ ನೇಮಕವಾಗಿದ್ದ ಹಳೇ ಶಿಕ್ಷಕರನ್ನು 2017ರ ನಿಯಮ ಒಂದರಿಂದ ಐದಕ್ಕೆ, ಅಂದರೆ ಪಿಎಸ್‌ಟಿ (ಪ್ರಾಥಮಿಕ ಶಾಲಾ ಶಿಕ್ಷಕರು) ಎಂದು ಇಟ್ಟಿತು. ಡಿಗ್ರಿ ಇದ್ದವರಿಗೂ ಅದೇ ಗತಿ. ಮೇಲಿನ ತರಗತಿಗೆ ಜಿಪಿಟಿ, ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕರು ಬೇಕು. 2022ರಲ್ಲಿ ಇಂಥ 15,000 ಹುದ್ದೆಗೆ ಅರ್ಜಿ ಕರೆದರು, ಆಯ್ಕೆ ಪಟ್ಟಿ ಕೋರ್ಟ್ ಮೆಟ್ಟಿಲೇರಿತು. ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು ಬಂದರು. ಹೀಗಾಗಿ ಎಷ್ಟೋ ಕಡೆ ಒಬ್ಬರೇ ಮೇಡಂ ಆರಕ್ಕೂ ಏಳಕ್ಕೂ ಗಣಿತ ಹೇಳಿ, ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್‌ನಲ್ಲಿ ಮಾಹಿತಿ ತುಂಬಬೇಕು. ಭಿನ್ನರಾಶಿ ಅರ್ಥವಾಗದ ಹುಡುಗನ ಪಕ್ಕ ಕೂರಲು ಪುರುಸೊತ್ತೆಲ್ಲಿ?

ಮಕ್ಕಳು ಕಡಿಮೆಯಾದರೆ 'ಹೆಚ್ಚುವರಿ' ಅಂತ ಒಬ್ಬ ಶಿಕ್ಷಕರನ್ನು ಬೇರೆ ಶಾಲೆಗೆ ಕಳಿಸುತ್ತಾರೆ. ಶಿಕ್ಷಕರಿಲ್ಲ ಅಂತ ಮತ್ತಷ್ಟು ಪೋಷಕರು ಟಿ.ಸಿ. ಕೇಳುತ್ತಾರೆ. ಯಾವುದು ಮೊದಲು ಅಂತ ವಾದ ಮಾಡುವುದು ಸುಮ್ನೆ.

2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಕರ್ನಾಟಕ ಪಬ್ಲಿಕ್ ಶಾಲೆಗಳೂ ಬಂದವು, ಒಂದೇ ಆವರಣದಲ್ಲಿ ಪಿಯುಸಿವರೆಗೆ. ಪೋಷಕರು ಒಪ್ಪಿದರು. ಆದರೆ ಚಿಕ್ಕ ಊರಲ್ಲಿ ಮಕ್ಕಳು ಇರುವುದೇ ಇಷ್ಟು. ಈ ಹೊಸ ಶಾಲೆಗಳಿಗೆ ಸೇರಿದವರಲ್ಲಿ ಖಾಸಗಿ ಶಾಲೆಯ ವ್ಯಾನು ಬಿಟ್ಟು ಬಂದವರು ಎಷ್ಟು, ಎರಡು ಬೀದಿ ಆಚೆಯ ಸರ್ಕಾರಿ ಶಾಲೆಯಿಂದಲೇ ಬಂದವರು ಎಷ್ಟು ಅಂತ ಬಿಡಿಸಿ ನೋಡದೆ ದಾಖಲಾತಿ ಏರಿತು ಅನ್ನುವುದು ಅವಸರದ ಮಾತು.